ತೊಟ್ಟಿಲು ಕಟ್ಟಿದ ತೊಲೆ

ಹೊಸ ಮನೆಯನ್ನು ಕಟ್ಟಿಸಿದವನೇ "ಗಟ್ಟಿ ಐತಿ" ಅಂದರೆ ನಾನು ನಂಬುವುದಿಲ್ಲ. ಸಂಶಯದ ಪಿಶಾಚಿ ಎನ್ನುವವರು ಎನ್ನಲಿ. ಅರವತ್ತರ ದಶಕದ ಆರಂಭ. ನನ್ನ ಗಂಡ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿದ್ದರು. ಬಂಗೂರನಗರದ ಆಚೆ ನಮ್ಮ ಮನೆಯನ್ನು ಅವರ ಅಣ್ಣ, ನನ್ನ ಭಾವನವರೇ, ನಿಂತು ಕಟ್ಟಿಸಿದ್ದರು. ಮನೆ ಕಟ್ಟಿಸುವುದೇ ಅವರ ಕಸುಬು. ಮನೆಯವರೇ ಕಟ್ಟಿಸಿದ ಮೇಲೆ ಪರೀಕ್ಷೆ ಯಾತಕ್ಕೆ?

ಅಲ್ಲಿ ನಡೆದ ಮೊದಲ ಶುಭಕಾರ್ಯ ನನ್ನ ಎರಡನೇ ಕೂಸಿನ ತೊಟ್ಟಿಲ ಶಾಸ್ತ್ರ. ಪಡಸಾಲೆಯ ತೊಲೆಗೆ ಹಗ್ಗ ಬಿಗಿದು ತೊಟ್ಟಿಲು ಕಟ್ಟಿದರು. ನಮ್ಮಲ್ಲಿ ಕೂಸಿಗಿಂತ ಮೊದಲು ರುಬ್ಬುವ ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಹೆಂಗಸರು ಹಾಡುತ್ತ ತೂಗಿದರು. ಕಲ್ಲಿನ ಕುಂಚಿಗೆಯ ಮೇಲೆ ಬಿಳಿ ಪುಡಿ ಉದುರಿತು. ತಲೆ ಎತ್ತಿದೆ. ತೊಲೆ ಗೋಡೆಯೊಳಗೆ ಹೋಗುವಲ್ಲಿ ಬಿರುಕು!

"ತಾ ಕೂಸು," ಎಂದು ಅತ್ತೆ ಕೈ ಚಾಚಿದರು.

"ಕೊಡೂದಿಲ್ರೀ. ಮೊದಲ ಆ ತೊಲಿ ಯಾರರೆ ನೋಡ್ಲಿ."

"ಹೊಸಾ ಸುಣ್ಣ ಉದರತೈತಿ, ಅಷ್ಟ," ಎಂದರು ಭಾವ. "ನಾ ಎಲ್ಲಾ ನೋಡೇನಿ."

"ನೀವು ನೋಡಿದ್ದು ಸಾಲೂದಿಲ್ರೀ. ಹೊರಗಿನವರು ನೋಡ್ಬೇಕು."

ಹಾಡು ನಿಂತಿತು. ಬಾಣಂತಿ ಸೊಸೆ ಭಾವನೆದುರು ಹೀಗೆ ಮಾತಾಡುವುದೆಂದರೆ! "ನನ್ನ ಮಗನ ಮಾರಿ ಮ್ಯಾಲೆ ಉಗುಳಿದಂಗಾತಲ್ಲs," ಎಂದು ಅತ್ತೆ ಕಿಡಿಕಾರಿದರು. ಗಂಡ ನೆಲ ನೋಡುತ್ತ ನಿಂತರು. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೂಸನ್ನು ಎದೆಗವಚಿಕೊಂಡು ಅಂಗಳಕ್ಕೆ ನಡೆದೆ. "ನೋಡೋಮಟ ನಾ ಒಳಗ ಬರೂದಿಲ್ಲ," ಎಂದೆ.

ಕೊನೆಗೆ ಗಂಡ ಹೋಗಿ, ಪಕ್ಕದ ಓಣಿಯಲ್ಲಿ ಕೆಲಸಕ್ಕೆ ಬಂದಿದ್ದ ಹಳಿಯಾಳದ ಬಡಿಗನನ್ನು ಕರೆತಂದರು. ಅವನು ನಮಗೆ ಯಾರಿಗೂ ಏನೂ ಆಗಬೇಕಾದವನಲ್ಲ. ನಾನು ಬಾಗಿಲಾಚೆಯಿಂದಲೇ ನೋಡುತ್ತಿದ್ದಂತೆ ಏಣಿ ಹತ್ತಿ ಉಳಿಯಿಂದ ಕೆರೆದ. ಅಂಗೈ ಅಗಲದ ಗಿಲಾವು ಕಳಚಿ ಬಿತ್ತು. ತೊಲೆ ಗಿಡ್ಡ. ಅದರ ತುದಿ ಗೋಡೆಯ ಮೇಲೆ ಎರಡು ಬೆರಳಷ್ಟೇ ಕೂತಿತ್ತು. ಉಳಿದ ಸಂದಿಗೆ ಇಟ್ಟಂಗಿ ಚೂರು, ಮಣ್ಣು ತುಂಬಿ ಮೇಲೆ ಗಿಲಾವು ಬಳಿದಿದ್ದರು.

"ನೋಡ್ರಿ ಬಂದು," ಎಂದ ಬಡಿಗ.

ಭಾವ ಏಣಿ ಹತ್ತಿದರು. "ಕೆಲಸದವರು ಈ ತೊಲಿ ಏರಿಸಿದ ದಿನ ನಾ ಕಟಗಿ ತರಾಕ ಜೊಯಿಡಾಕ್ಕ ಹೋಗಿದ್ನಿ. ಬಂದಾಗ ಗೋಡಿ ನುಣ್ಣಗ ಕಾಣಸ್ತಿತ್ತು..." ಎನ್ನುತ್ತ ಆ ಸಂದಿಯೊಳಗೆ ಬೆರಳಿಟ್ಟು ನೋಡಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಗೊತ್ತಿದ್ದರೆ, ಮನೆ ಹೊಕ್ಕ ದಿನದಿಂದ ಆ ತೊಲೆಯ ಕೆಳಗೇ ಹೆತ್ತ ತಾಯಿಯ ಹಾಸಿಗೆ ಹಾಸುತ್ತಿದ್ದರೇ?

ಅತ್ತೆ ಮೂಲೆಯಲ್ಲಿ ಸುತ್ತಿಟ್ಟ ಆ ಹಾಸಿಗೆಯನ್ನೊಮ್ಮೆ, ತೊಲೆಯನ್ನೊಮ್ಮೆ ನೋಡಿದರು. ಆಮೇಲೆ ಮಗನ ಮುಖ ನೋಡದೆ ಬಡಿಗನಿಗೆ ಹೇಳಿದರು: "ಉಳದ ತೊಲಿಗೋಳ್ನೂ ಕೆರದು ನೋಡಪಾ."