ಕೊಟ್ಟ ಕೈಯನ್ನು ನೋಡುತ್ತಿದ್ದ ಪಾಸ್ಕಲ್ ಮಾಸ್ಟ್ರು

ಮಾಸ್ಟ್ರು ಮಲಗಿರಬಹುದು. ನನ್ನ ಗುರುತೇ ಸಿಗದಿರಬಹುದು. ಸಿಕ್ಕರೆ ಹಳೆಯ ಪಾಠ ಒಪ್ಪಿಸು ಎಂದಾರು, ಅದು ಇನ್ನೂ ಕಷ್ಟ. ಅಂಗಳದಲ್ಲಿ ನಾಯಿ ಇರಬಹುದು. ಒಯ್ಯುತ್ತಿರುವ ಬಾಳೆಹಣ್ಣು ದಾರಿಯಲ್ಲೇ ಕಪ್ಪಾಗಬಹುದು. ಮಾಸ್ಟ್ರ ಮನೆಯ ಕಡೆ ಕುಲಶೇಖರದ ಏರು ಹತ್ತುವಷ್ಟರಲ್ಲಿ, ನಲವತ್ತು ದಾಟಿದ ನಾನು ಇಷ್ಟನ್ನೂ ಯೋಚಿಸಿ ಬೆವರಿದ್ದೆ.

ಪಾಸ್ಕಲ್ ಮಾಸ್ಟ್ರು ನಮಗೆ ಲ್ಯಾಟಿನ್ ಕಲಿಸಿದವರು. ಯಾರು ನೀರು ಕೊಟ್ಟರೂ ಅವರು ಮೊದಲು ನೋಡುತ್ತಿದ್ದದ್ದು ಕೊಟ್ಟ ಕೈಯನ್ನು. ಆಮೇಲೆ ತೀರ್ಪು. ಹೆದರಿ ಕೊಟ್ಟರೆ ‘ಸೆರ್ವೀರೆ’, ಗುಲಾಮನ ಸೇವೆ. ಮನೆಯಾಳಿನಂತೆ ರೂಢಿಯಿಂದ ಕೊಟ್ಟರೆ ‘ಫಮುಲಾರಿ’. ಎದುರಿನವನಿಗೆ ಬೇಕಾದದ್ದನ್ನು ಅವನು ಕೇಳುವ ಮೊದಲೇ ಕಂಡು ಕೊಟ್ಟರೆ ‘ಮಿನಿಸ್ತ್ರಾರೆ’. ಒಮ್ಮೆ ಬಂದರಿನ ಹೋಟೆಲಿನಲ್ಲಿ, ತಟ್ಟೆ ತಂದಿಟ್ಟ ಮಾಣಿಯ ಮುಖಕ್ಕೇ “ಫಮುಲಾರಿ” ಅಂದುಬಿಟ್ಟರು.

“ಅದು ಮುಗಿದಿದೆ ಸಾರ್, ಗೋಳಿಬಜೆ ಉಂಟು,” ಎಂದ ಅವನು.

ನನ್ನದು ಮಾತ್ರ ಅವರಲ್ಲಿ ಕಲಿತ ನಾಲ್ಕು ವರ್ಷವೂ ಸೆರ್ವೀರೆಯೇ. ಹೂಜಿಯಿಂದ ಅವರ ಮೇಜಿಗೆ ಬರುವಷ್ಟರಲ್ಲಿ ನನ್ನ ಕೈನಡುಕಕ್ಕೆ ಅರ್ಧ ಲೋಟ ನೆಲಕ್ಕೆ ಹೋಗುತ್ತಿತ್ತು. “ಎಂತ ಮಾರಾಯ, ನಾನು ಹುಲಿಯಾ?” ಎನ್ನುತ್ತಿದ್ದರು. ಅವರ ಬಾಯಿಂದ ಒಮ್ಮೆಯಾದರೂ ಮಿನಿಸ್ತ್ರಾರೆ ಕೇಳಬೇಕೆಂಬ ಆಸೆ, ತಲೆಗೂದಲು ಉದುರಿದರೂ ಉದುರಿರಲಿಲ್ಲ.

ಆ ದಿನ ನಾಯಿ ಇರಲಿಲ್ಲ. ಬಾಳೆಹಣ್ಣು ಕೆಟ್ಟಿರಲಿಲ್ಲ. ಮಾಸ್ಟ್ರು ಜಗಲಿಯಿಂದಲೇ ಗುರುತು ಹಿಡಿದರು. “ಬಾ ಸೆರ್ವೀರೆ, ಕೂತ್ಕೋ. ಇವತ್ತು ನಾನೇ ಕಾಫಿ ಮಾಡಿ ಕೊಡ್ತೇನೆ.”

ಅದೇ ನಮ್ಮ ಕೊನೆಯ ಭೇಟಿ. ಈಗ ನಡುಕ ಅವರ ಕೈಗೆ ಬಂದಿತ್ತು. ಅಡುಗೆಮನೆಯಿಂದ ಲೋಟ ಕುಣಿಯುತ್ತ ಬರುವಾಗ ಎದ್ದು ಹಿಡಿದುಕೊಳ್ಳಬೇಕೆನಿಸಿತು. ಹಿಡಿದರೆ ಬೇಸರವಾದೀತು, ಬಿಟ್ಟರೆ ಬಿದ್ದಾರು. ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತೆ. ಅವರು ಬೀಳಲಿಲ್ಲ.

ಒಂದು ಗುಟುಕು ಕುಡಿದೆ. ಹಾಲಿತ್ತು, ಬೆಲ್ಲವಿತ್ತು, ಒಳ್ಳೆಯ ಬಿಸಿಯಿತ್ತು. ಕಾಫಿ ಪುಡಿ ಮಾತ್ರ ಇರಲಿಲ್ಲ.

“ಹೇಗುಂಟು?”

ಲೋಟ ಖಾಲಿ ಮಾಡಿ ಮುಂದೆ ಚಾಚಿದೆ. “ಇನ್ನು ಸ್ವಲ್ಪ ಉಂಟಾ ಮಾಸ್ಟ್ರೇ?”

ಅವರ ಮುಖ ಅರಳಿತು. ನನಗೆ ಬಗ್ಗಿಸಿ, ತಾವೂ ಒಂದು ಗುಟುಕು ಕುಡಿದರು. ಲೋಟದೊಳಗೆ ಇಣುಕಿ ನೋಡಿದರು. ಆಮೇಲೆ ನಾನು ಚಾಚಿದ್ದ ಕೈಯನ್ನು ನೋಡಿದರು. ಅದು ನಡುಗುತ್ತಿರಲಿಲ್ಲ.

“ಮಿನಿಸ್ತ್ರಾರೆ,” ಎಂದರು ಮೆಲ್ಲಗೆ. ಮತ್ತೆ ಒಳಗಿದ್ದ ತಮ್ಮ ಅಕ್ಕನಿಗೆ ಕೇಳುವಂತೆ ಕೂಗಿದರು: “ನತಾಲ್‌ಬಾಯಿ, ಆ ಕಾಫಿ ಪುಡಿಯ ಡಬ್ಬಿ ಎಲ್ಲಿ ಉಂಟು?”