ದಲ್ಲಾಳಿ ಇಟ್ಟ ಮೊಂಡಿ

ನನ್ನ ತಮ್ಮನ ಹೆಂಡತಿಯನ್ನು ಮನೆಯವರೆಲ್ಲ ಮೊಂಡಿ ಎಂದೇ ಕರೆಯುವುದು. ಆಕೆಯೂ ಆ ಹೆಸರಿಗೆ ಎಂದೂ ಮೋಸ ಮಾಡಿದವಳಲ್ಲ. ಹಿಂದಿನ ಕೋಣೆಯ ಎಂಬ್ರಾಯ್ಡರಿ ಮಿಷನ್ನೇ ಅವಳ ಅನ್ನ. ಅದನ್ನು ನಡೆಸುತ್ತಿದ್ದ ಹಳೆಯ ಕಂಪ್ಯೂಟರ್ ಸುಟ್ಟುಹೋದಾಗ, ಹಳೆ ಸಾಮಾನಿನ ವ್ಯಾಪಾರಿಯಾದ ನಾನು ಸಮಾಧಾನ ಹೇಳಲು ಹೋಗಿ ಮಿಷನ್ನಿಗೆ ಬೆಲೆ ಕಟ್ಟಿ ಬಂದೆ. ವ್ಯಾಪಾರಿಯ ಕಣ್ಣೀರು ಬೀಳುವುದೂ ತಕ್ಕಡಿಯ ಮೇಲೆಯೇ.

"ಶನಿವಾರ ಗಾಡಿ ತರ್ತೀನಿ. ಅಷ್ಟರಲ್ಲಿ ಓಡದಿದ್ರೆ ಮಿಷನ್ ನಂದು" ಎಂದೆ.

"ಓಡಿದ್ರೆ?"

"ಬರಿಗೈಲಿ ಹೋಗ್ತೀನಿ."

"ಹಂಗಾದ್ರೆ ಹಗ್ಗ ಗಟ್ಟಿಯಾಗಿರೋದು ತನ್ನಿ ಭಾವ" ಎಂದಳು. ಮಿಷನ್ ಕಟ್ಟಿ ಒಯ್ಯಲಿಕ್ಕೆಂದೇ ನಾನು ತಿಳಿದೆ.

ಮಿಷನ್ನಿನ ತಂತ್ರಾಂಶಕ್ಕೆ ಹಳೆಯ ಕಂಪ್ಯೂಟರ್ ಬಿಟ್ಟರೆ ಬೇರೆ ಯಾವುದೂ ಆಗದು. ಅದಕ್ಕೇ ಅವಳು ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯದರಂತೆ ನಟಿಸುವ ಇನ್ನೊಂದು ಕಂಪ್ಯೂಟರನ್ನು, ಬರೀ ತಂತ್ರಾಂಶದಲ್ಲೇ, ಎಬ್ಬಿಸಿ ಕೂರಿಸಿದಳು. ಇನ್ನು ಉಳಿದದ್ದು, ಮಿಷನ್ನಿಗೆ ತಂತಿ ಹೋಗುವ ಕಾರ್ಡನ್ನು ಆ ಒಳಗಿನವನ ಕೈಗೆ ನೇರವಾಗಿ ಒಪ್ಪಿಸುವುದು. ಎಡವಿದ್ದೇ ಅಲ್ಲಿ. ಆ ಕಾರ್ಡಿನ ಮೆಮೊರಿ ಚಿಟಿಕೆಯಷ್ಟು. ಒಪ್ಪಿಸುವ ತಂತ್ರಾಂಶಕ್ಕೋ, ಡ್ರೈವರ್ ಅಂತಾರೆ ಅದನ್ನು, ಒಂದು ಕೆಟ್ಟ ಚಾಳಿ. ಚಿಕ್ಕ ಕೋಣೆ ಬಾಡಿಗೆಗೆ ಕೇಳಿದರೆ ಪಕ್ಕದವರ ಅಡುಗೆಮನೆಯ ಕೀಲಿಯನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು. ಮೆಮೊರಿಯಲ್ಲಿ ಇದರ ಪಕ್ಕಕ್ಕೇ ಇನ್ನೊಂದು ಕಾರ್ಡಿನ ಸಂಸಾರ. ಸೂಜಿ ಮೊದಲ ಹೊಲಿಗೆ ಹಾಕುವ ಮೊದಲೇ ಎರಡೂ ಮನೆಯಲ್ಲಿ ಜಗಳವಾಗಿ ಇಡೀ ಕಂಪ್ಯೂಟರ್ ಕಲ್ಲಾಗಿ ಕೂರುತ್ತಿತ್ತು.

ಕಾರ್ಡನ್ನು ಬೇರೆ ಸಂದಿಗೆ ಹಾಕಿ ನೋಡಿದಳು. ಕಲ್ಲೇ. ಡ್ರೈವರ್ ಬರೆದವರನ್ನು ಕೇಳಿದಳು. ಇಷ್ಟು ಹಳೆಯ ಕಾರ್ಡಿಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಹೊಸ ಮಿಷನ್ ಕೊಳ್ಳಿ ಎಂದು ಬಿಟ್ಟಿ ಉಪದೇಶ ಬಂತು. ನನಗೆ ಒಳಗೊಳಗೇ ಖುಷಿ. ಅವಳು ಮಾತ್ರ ಅದನ್ನು ಓದಿ, "ಇವರು ಬಾಗಿಲು ಹಾಕಿದ್ರೆ ನಂಗೆ ಗೋಡೆ ಹತ್ತೋಕೆ ಬರಲ್ವಾ" ಎಂದಳಂತೆ.

ಶನಿವಾರ ಗಾಡಿ, ಹಗ್ಗ, ಇಬ್ಬರು ಆಳುಗಳೊಡನೆ ಹೋದೆ. ಕೋಣೆಯಲ್ಲಿ, ತಮ್ಮನ ಜೊತೆಗೇ ಇರುವ ನನ್ನ ತಾಯಿ ಮಿಷನ್ನಿನ ಸೂಜಿಗೆ ದಾರ ಪೋಣಿಸುತ್ತಿದ್ದಳು. ಹೆತ್ತ ಮಗನ ಕಡೆ ತಿರುಗಿಯೂ ನೋಡದೆ, "ಚಪ್ಪಲಿ ಹೊರಗೆ ಬಿಡೋ, ಕೆಲಸ ನಡೀತಿದೆ" ಎಂದಳು.

ಸೂಜಿ ಇಳಿಯಿತು. ಎದ್ದಿತು. ಮತ್ತೆ ಇಳಿಯಿತು. ಯಾವುದೋ ಶಾಲೆಯ ಬ್ಯಾಡ್ಜಿನ ಮೇಲೆ ನೀಲಿ ಹಕ್ಕಿಯೊಂದು ಕೊಕ್ಕಿನಿಂದ ಶುರುವಾಗಿ ನಿಧಾನವಾಗಿ ಮೈ ತುಂಬಿಕೊಳ್ಳುತ್ತಿತ್ತು. ಕಂಪ್ಯೂಟರ್ ಕಲ್ಲಾಗಲಿಲ್ಲ.

ಏನು ಮಾಡಿದೆ ಎಂದು ಕೇಳಿದೆ. ಡ್ರೈವರನ್ನು ತಾನೇ ತಿದ್ದಿ, ಕಾರ್ಡಿನ ಮೆಮೊರಿಯನ್ನು ಒಳಗಿನವನಿಗೆ ನೇರವಾಗಿ ಒಪ್ಪಿಸುವುದನ್ನೇ ನಿಲ್ಲಿಸಿದಳಂತೆ. ಈಗ ಒಳಗಿನವನು ಕಾರ್ಡಿನೊಂದಿಗೆ ಒಂದು ಮಾತಾಡಬೇಕಾದರೂ ಹೊರಗಿನ ಕಂಪ್ಯೂಟರಿಗೆ ಹೇಳಬೇಕು. ಅದು ಹೋಗಿ ಕೇಳಿಕೊಂಡು ಬಂದು ಇವನಿಗೆ ತಿಳಿಸಬೇಕು. ಯಾರ ಕೈಗೂ ಕೀಲಿಯೇ ಇಲ್ಲದ ಮೇಲೆ ಪಕ್ಕದ ಅಡುಗೆಮನೆಗೆ ನುಗ್ಗುವವರು ಯಾರು?

ಸೋತ ವ್ಯಾಪಾರಿ ಮಾಲಿನಲ್ಲಿ ಹುಳುಕು ಹುಡುಕುತ್ತಾನೆ. "ಮೊದಲಿನ ಓಟ ಇಲ್ವಲ್ಲಮ್ಮ, ಆಮೆ ಆಗಿದೆ" ಎಂದೆ.

"ನಡುವೆ ದಲ್ಲಾಳಿ ಇಟ್ಟಿದೀನಲ್ಲ ಭಾವ, ಕಮಿಷನ್ ತಿಂತಾನೆ. ಆ ಕಸುಬು ನಿಮಗೆ ನಾನು ಹೇಳಿಕೊಡ್ಬೇಕಾ?"

ಆಳುಗಳಿಬ್ಬರೂ ಗೋಡೆ ಕಡೆ ಮುಖ ಮಾಡಿ ನಕ್ಕರು. ನನ್ನ ತಾಯಿ ನಗುವನ್ನು ಮರೆಮಾಚಲೂ ಹೋಗಲಿಲ್ಲ.

ಗಾಡಿಯನ್ನು ಖಾಲಿ ಕಳಿಸಿ, ಹಗ್ಗ ಹೆಗಲಿಗೆ ಹಾಕಿ ನಾನೂ ಹೊರಟೆ. ಬಾಗಿಲ ಹತ್ತಿರ ಮೊಂಡಿ ಕೈಯೊಡ್ಡಿ ನಿಂತಿದ್ದಳು.

"ಬರಿಗೈ ಅಂದಿದ್ರಿ. ಹಗ್ಗ ಇಟ್ಟು ಹೋಗಿ, ಬ್ಯಾಡ್ಜು ನೇತುಹಾಕ್ಬೇಕು."

ಕೊಟ್ಟೆ. ಗಟ್ಟಿಯಾದ ಹಗ್ಗವೇ ಅದು.