ಸೂಜಿಗೆ ಹೂಂ ಅಂದವರು ಯಾರು?

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ದೆವ್ವ, ಮೈದುಂಬುವುದು, ಕನಸಿನ ಸೂಚನೆ, ಏನು ಕೇಳಿದರೂ ಮೊದಲು ಹೇಳಿದವರ ಮೇಲೆಯೇ ನನಗೆ ಅನುಮಾನ.

ಕೆಲವು ವರ್ಷಗಳ ಹಿಂದೆ, ಜಾಲಹಳ್ಳಿಗೆ ಕೊಟ್ಟ ನನ್ನ ತಂಗಿ ಈರಮ್ಮನಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿತು. ದೇವದುರ್ಗದ ಆಸ್ಪತ್ರೆಯಲ್ಲಿ ನೋಡಿ ರಾಯಚೂರಿಗೆ ಕಳಿಸಿದರು, ಅವ್ವನೂ ನಾನೂ ಜೊತೆಗಿದ್ದೆವು. ಅವಳ ಮೊದಲ ಕೂಸು ಹೀಗೆಯೇ ಮುಂಚಿತವಾಗಿ ಹುಟ್ಟಿ, ಉಸಿರಾಡಲಾಗದೆ ತೀರಿಹೋಗಿತ್ತು. ಹೆರಿಗೆಗೆ ಮುಂಚೆ ತಾಯಿಗೆ ಸ್ಟೀರಾಯ್ಡ್ ಸೂಜಿ ಕೊಟ್ಟರೆ ಕೂಸಿನ ಉಸಿರಾಟಕ್ಕೆ ಅನುಕೂಲವಾಗಬಹುದು, ಹುಟ್ಟಿದ ಮೇಲೆ ರಕ್ತದ ಸಕ್ಕರೆ ಇಳಿಯಲೂಬಹುದು, ಅದನ್ನು ನೋಡಿಕೊಳ್ಳುತ್ತೇವೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು.

ಸ್ಟೀರಾಯ್ಡ್ ಎಂಬ ಹೆಸರೇ ನನಗೆ ಹಿಡಿಸಲಿಲ್ಲ. ಹೊಟ್ಟೆಯಲ್ಲಿ ಎಂಟು ತಿಂಗಳು ದಾಟಿದ ಕೂಸಿಗೆ ಇದೇಕೆ, ಏನಾದರೂ ಮುಚ್ಚಿಡುತ್ತಿದ್ದಾರೆಯೇ ಅನ್ನಿಸಿತು. "ಅಣ್ಣ ಹೂಂ ಅಂದ್ರ ತಗೋತೀನಿ" ಎಂದು ಈರಮ್ಮ ನನ್ನ ಮುಖ ನೋಡಿದಳು. ಗಂಡ ಬರಲಿ ಎಂದೆ. ಅವಳ ಗಂಡ ಬೀರಪ್ಪ ಕುರಿ ಮೇಯಿಸಲು ಹೋಗಿದ್ದ, ಫೋನ್ ಹತ್ತುತ್ತಿರಲಿಲ್ಲ. ಅವ್ವನನ್ನು ತಂಗಿಯ ಹತ್ತಿರ ಬಿಟ್ಟು ಮೋಟರ್‌ಸೈಕಲ್ ಮೇಲೆ ನಾನೇ ಹೊರಟೆ.

ಜಾಲಹಳ್ಳಿಯಿಂದ ಆಚೆ, ಬಯಲಿನಲ್ಲಿ ಮಧ್ಯಾಹ್ನ ಬೀರಪ್ಪ ಸಿಕ್ಕ. ಕುರಿಗಳನ್ನು ತಮ್ಮನಿಗೆ ಒಪ್ಪಿಸುವ ಮುನ್ನ ಮರಿಗಳನ್ನು ಬಲೆಯ ಬೇಲಿಯೊಳಗೆ ಬಿಡಬೇಕಿತ್ತು. ಬೇಗ ಆಗಲಿ ಎಂದು ನಾನೂ ಒಂದೊಂದೇ ಮರಿ ಎತ್ತಿಕೊಟ್ಟೆ. ಆಮೇಲೆ ಬೀರಪ್ಪ ಗಾಡಿ ಹೊಡೆದ, ನಾನು ಹಿಂದೆ ಕುಳಿತೆ.

ರಾಯಚೂರು ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಸೂಜಿ ಆಗಲೇ ಕೊಟ್ಟಾಗಿತ್ತು. ಯಾರನ್ನು ಕೇಳಿ ಕೊಟ್ಟಿರಿ ಎಂದು ನರ್ಸಮ್ಮನ ಮೇಲೆ ಏರಿಹೋದೆ. ಆಕೆ ನನ್ನನ್ನೇ ದಿಟ್ಟಿಸಿದಳು.

"ಮಧ್ಯಾಹ್ನ ನೀವ ಬಂದು ಕೊಡ್ರಿ ಅಂದ್ರೆಲ್ರೀ ಸರ. ತಂಗೀ ಕಣ್ಣು ಮುಚ್ಚಿ ಹಿಡಕೊಂಡು ಬಾಜೂಕ ನಿಂತಿದ್ರಿ."

ತಪ್ಪು ಮುಚ್ಚಿಕೊಳ್ಳಲು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಅವ್ವನನ್ನು ಕೇಳಿದರೆ ಅವಳೂ ಅದನ್ನೇ ಹೇಳಿದಳು. ನಾನು ಬಂದೆನಂತೆ, ಹೂಂ ಅಂದೆನಂತೆ, ಬೀರಪ್ಪನನ್ನು ಕರೆತರುತ್ತೇನೆಂದು ಮತ್ತೆ ಹೋದೆನಂತೆ. ಎಲ್ಲರೂ ಸೇರಿ ನನ್ನ ಹೆಸರು ಮುಂದೆ ಮಾಡಿದ್ದಾರೆಂದೇ ತಿಳಿದೆ. ಕೈಕಾಲು ತೊಳೆದುಕೊಂಡು ಒಳಗೆ ಹೋಗಿ ಈರಮ್ಮನನ್ನು ಒಬ್ಬಳನ್ನೇ ಕೇಳಿದೆ.

"ಕಣ್ಣು ಮುಚ್ಚಿದಾಗ ನಿನ್ನ ಕೈ ಕುರಿಮರಿ ವಾಸನಿ ಹೊಡ್ಯಾಕತ್ತಿತ್ತಲ್ಲಣ್ಣ" ಎಂದಳು ಮೆಲ್ಲಗೆ. "ಮರಿ ಯಾವಾಗ ಮುಟ್ಟಿದಿ ಅಂತ ನಾನೂ ಅನಕೊಂಡೆ."

ಮರಿ ಎತ್ತಿದ ಸಂಗತಿಯನ್ನು ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ. ಬೀರಪ್ಪ ಹೊರಗೇ ನಿಂತಿದ್ದ.

ಮರುದಿನ ಸಂಜೆ ಹೆಣ್ಣು ಕೂಸು ಹುಟ್ಟಿತು. ಹುಟ್ಟುತ್ತಲೇ ಜೋರಾಗಿ ಅತ್ತಿತು. ಸಕ್ಕರೆ ಸ್ವಲ್ಪ ಇಳಿಯಿತು, ನೋಡಿಕೊಂಡರು, ಸರಿಹೋಯಿತು. ಸೂಜಿಯಿಂದಲೇ ಉಳಿಯಿತೇ ಎಂದು ಕೇಳಿದ್ದಕ್ಕೆ, ಒಂದು ಕೂಸನ್ನು ನೋಡಿ ಹಾಗೆ ಹೇಳಲಾಗದು ಎಂದರು ಡಾಕ್ಟರಮ್ಮ. ಆ ಮಾತು ನನಗೆ ತಿಳಿಯುತ್ತದೆ. ಮಿಕ್ಕದ್ದು ಇವತ್ತಿಗೂ ತಿಳಿದಿಲ್ಲ. ಆ ಮೂವರನ್ನೂ ಬೇರೆ ಬೇರೆಯಾಗಿ ಎಷ್ಟು ಸಲ ಕೆದಕಿದರೂ ಮಾತು ಬದಲಾಗಲಿಲ್ಲ.

ತೊಟ್ಟಿಲಿಗೆ ಹಾಕಿದ ದಿನ ಬೀರಪ್ಪ ನನ್ನನ್ನು ಪಕ್ಕಕ್ಕೆ ಕರೆದ. ಅವನ ಮುಖದಲ್ಲಿ ನಗುವಿರಲಿಲ್ಲ.

"ಮಾವಾ, ಅಲ್ಲಿ ಹೂಂ ಅಂದಾಂವ ನೀವ ಆಗಿದ್ರ, ನನ್ನ ಹಿಂದ ಗಾಡಿ ಮ್ಯಾಲ ಕುಂತು ಬಂದಾಂವ ಯಾರ್ರಿ?"

ನಾನೇ ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ಅಂದಿನಿಂದ ಅವನು ನನ್ನನ್ನು ಗಾಡಿಯ ಹಿಂದೆ ಕೂಡಿಸಿಕೊಂಡಿಲ್ಲ.